ಪಡುವಲ ಅಟ್ಟಣೆಯಿಂದ ಬಂದ ಓ

ಅವರ ಗಂಟಲಗಂಟು ಮೊದಲು ಕುಣಿಯುತ್ತಿತ್ತು, ದನಿ ಆಮೇಲೆ ಬರುತ್ತಿತ್ತು. ಸಣಕಲು ಕತ್ತು, ಎರಡು ಕಡೆ ಎದ್ದ ನೀಲಿ ನರ, ನಡುವೆ ನೆಲ್ಲಿಕಾಯಿ ಗಾತ್ರದ ಆ ಗಂಟು. ಅದು ಸರ್ರನೆ ಮೇಲೇರಿ ಒಂದು ಕ್ಷಣ ಅಲ್ಲೇ ನಿಂತಿತೆಂದರೆ ಲ್ಯಾಬಿನಲ್ಲಿದ್ದ ನಾವೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದೆವು. ಈಗ ಆ ಬಾಯಿಂದ ಪ್ರಿನ್ಸಿಪಾಲರು ಬರುತ್ತಾರೋ, ಹನೂರು ಬಸ್ಸಿನ ಕಂಡಕ್ಟರ್ ಬರುತ್ತಾನೋ, ಕ್ಯಾಂಟೀನಿನ ಅಮ್ಮ ಬರುತ್ತಾಳೋ ಹೇಳುವಂತಿರಲಿಲ್ಲ. ಒಂದು ಸಲ ಅವರು ಪ್ರಿನ್ಸಿಪಾಲರ ದನಿಯಲ್ಲಿ "ಯಾರದು ವರಾಂಡದಲ್ಲಿ?" ಎಂದು ಗದರಿದಾಗ, ವರಾಂಡದಲ್ಲಿದ್ದ ಅಸಲಿ ಪ್ರಿನ್ಸಿಪಾಲರೇ "ನಾನು, ನಾನು" ಅಂದುಬಿಟ್ಟರಂತೆ. ಇದು ನಾನು ಕಾಲೇಜಿಗೆ ಸೇರುವುದಕ್ಕೆ ಮುಂಚಿನ ಕಥೆ. ನಿಜವೋ ಸುಳ್ಳೋ, ನಮಗಂತೂ ಪುರಾಣವಾಗಿತ್ತು.

ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ಪೈಥಾನ್ ಕಲಿಸುತ್ತಿದ್ದ ಮೇಷ್ಟ್ರು ಅವರು. ನಮಗೆಲ್ಲ 'ಲ್ಯಾಬ್ ಸಾ'. ಊರಿನ ರೇಷ್ಮೆ ನೇಯುವ ಮನೆತನ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ತಮಿಳು. ಮಗ್ಗದಲ್ಲಿ ಉಳಿದ ರೇಷ್ಮೆ ತುಂಡಿನಿಂದ ದಿನವಿಡೀ ಕನ್ನಡಕ ಒರೆಸುತ್ತಿದ್ದರು. ಆ ಕನ್ನಡಕ ಚೊಕ್ಕಟವಾಗಿದ್ದನ್ನು ಮಾತ್ರ ನಾನು ಒಂದು ದಿನವೂ ಕಾಣೆ. ದವಡೆಯಲ್ಲಿ ಸದಾ ಒಂದು ಲವಂಗ. ನಾನು ಯಳಂದೂರಿನವಳು, ಬಾಯಿ ಜೋರು, ಬಸ್ಸು ತಪ್ಪಿಸಿಕೊಳ್ಳುವುದರಲ್ಲಿ ಎತ್ತಿದ ಕೈ. ಅವರು ನನ್ನನ್ನು ಕರೆಯುತ್ತಿದ್ದದ್ದೇ 'ತಡದವ್ವ' ಅಂತ.

ಲ್ಯಾಬಿನ ಇಂಟರ್ನೆಟ್ಟಿಗೆ ಗಾಳಿ ಅಂದರೆ ಆಗುತ್ತಿರಲಿಲ್ಲ. ಸ್ವಲ್ಪ ಜೋರಾಗಿ ಬೀಸಿದರೂ ಹೋಯಿತು. ಹೀಗಾಗಿ ಬೇರೆ ಕಡೆ ಕೊನೆಗೆ ಕಲಿಸುವ 'ಮಾಕ್' ಪಾಠವನ್ನು ನಾವು ಮೊದಲೇ ಕಲಿತೆವು. ನಮ್ಮ ಪ್ರೋಗ್ರಾಂ ದೂರದ ಯಾವುದೋ ಯಂತ್ರದ ಜೊತೆ ಮಾತಾಡಬೇಕು, ಆ ಯಂತ್ರ ಕೈಗೆ ಸಿಗುವುದಿಲ್ಲ. ಆಗ ಪರೀಕ್ಷೆಗೆ ಅಂತ ಅದರ ಜಾಗದಲ್ಲಿ ಒಂದು ನಕಲಿಯನ್ನು ನಿಲ್ಲಿಸುವುದು. ಆ ನಕಲಿಯ ಹೆಸರೇ ಮಾಕ್. "ಅಂದ್ರೆ ನಾನೇ ಕಣ್ರಲಾ" ಎಂದು ನಗುತ್ತಿದ್ದರು ಸಾ. ಆದರೆ ಕೆಲವು ಫಂಕ್ಷನ್ನುಗಳು ಕೇಳಿದ ತಕ್ಷಣ ಉತ್ತರ ಕೊಡುವುದಿಲ್ಲ, 'ಇರು, ಕೊಡ್ತೀನಿ' ಅನ್ನುವ ಮಾತನ್ನಷ್ಟೇ ಕೊಡುತ್ತವೆ. ಅವಕ್ಕೆ ಅಸಿಂಕ್ ಅನ್ನುತ್ತಾರೆ. ಅವುಗಳ ನಕಲಿ ಮಾಡುವುದು ಹೇಗೆ ಅಂತ ನಮಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

"ಬಾರವ್ವ ತಡದವ್ವ, ನನ್ನತ್ರ ಟೀ ಕೇಳು" ಅಂದರು.

"ಒಂದ್ ಟೀ ಕೊಡಿ" ಅಂದೆ.

ಗಂಟಲಗಂಟು ಕುಣಿಯಿತು. ಕ್ಯಾಂಟೀನಿನ ಅಮ್ಮ ಬಂದಳು. "ತಕಾ ಟೋಕನ್ನು. ಆ ಕಡೀಕ್ ನಿಂತ್ಕೊ, ಇನ್ನೂ ಕುದೀತಾ ಅದೆ!" ಅಂತ ಒಂದು ಚಾಕ್‌ಪೀಸನ್ನು ನನ್ನ ಕೈಗಿಟ್ಟರು. ಆಮೇಲೆ ತಮ್ಮ ದನಿಗೆ ಬಂದು, "ಈಗ ಯೋಳು, ಕೈಲಿರಾದು ಏನು?"

"ಟೋಕನ್ನು ಸಾ."

"ಟೀ ಅಲ್ಲ ತಾನೆ? ಕುಡ್ದುಬುಟ್ಯ ಮತ್ತೆ! ಕಾಯ್ಬೇಕು. ಪೈಥಾನಲ್ಲಿ ಅವೇಟ್ ಅನ್ನೋದು ಆ ಕಾಯೋದಕ್ಕೆ. ಅದನ್ನ ಬರೆಯೋದ್ ಮರತ್ರೆ ನೀನು ಟೋಕನ್ನೇ ಕುಡ್ದು, ಟೀ ಬಲೇ ಚೆಂದಾಗಿತ್ತು ಅಂತ ಮನೆಗೋಯ್ತೀಯ. ಇನ್ನು ಈ ಅಮ್ಮನ ಜಾಗಕ್ಕೆ ಸಾದಾ ಮಾಕ್ ನಿಲ್ಸಿದ್ರೆ ಅದು ಪೆದ್ದು, ಅದಕ್ಕೆ ಟೋಕನ್ ಕೊಡಾಕೇ ಬರಾಕಿಲ್ಲ. ಯಾತಕ್ಕೆ ಕಾಯ್ತೀಯಾ ಅಂತ ಪೈಥಾನು ಜಗಳಕ್ಕೆ ಬತ್ತದೆ. ಅಸಿಂಕ್ ಮಾಕ್ ನಿಲ್ಸು. ಅದು ಟೋಕನ್ನೂ ಕೊಡ್ತದೆ, ಕಾದ್ರೆ ನೀನು ಮೊದ್ಲೇ ಯೋಳ್ಕೊಟ್ಟಿದ್ದ ಉತ್ತರಾನೂ ಕೊಡ್ತದೆ."

ಲ್ಯಾಬಿನಲ್ಲಿ ಅವತ್ತು ನಗು ನಿಲ್ಲಲಿಲ್ಲ. ಪಾಠವೂ ತಲೆಯಲ್ಲಿ ನಿಂತಿತು, ಇವತ್ತಿಗೂ ಮರೆತಿಲ್ಲ.

ಇಷ್ಟು ನಗಿಸುವ ಮನುಷ್ಯನಿಗೆ ಒಂದು ವಿಷಯದಲ್ಲಿ ಮಾತ್ರ ಕಡುಕೋಪ. ಹಾಜರಿ ಕೂಗುವಾಗ ಒಬ್ಬರ ಬದಲು ಇನ್ನೊಬ್ಬರು ಓಗೊಡಬಾರದು. ಒಂದು ದಿನ ನನ್ನ ಬಸ್ಸು ತಪ್ಪಿತ್ತು. ನನ್ನ ಗೆಳತಿ ಮೂಗು ಹಿಡಿದುಕೊಂಡು ನನ್ನಂತೆಯೇ "ಸಾ" ಅಂದಿದ್ದಾಳೆ. ನಾನು ಏದುಸಿರು ಬಿಡುತ್ತ ಬಾಗಿಲಿಗೆ ಬರುವ ಹೊತ್ತಿಗೆ ಅವಳು ಅಳುತ್ತ ನಿಂತಿದ್ದಳು. ಸಾ ತಮಿಳಿನಲ್ಲಿದ್ದರು. ನನ್ನನ್ನು ಕಂಡು ಕನ್ನಡಕ್ಕೆ ಬಂದರು: "ಈವಮ್ಮ ಇನ್ನೂ ಬಸ್ಸಲ್ಲವ್ಳೆ, ಇವಳ ಗಂಟ್ಲು ಇಲ್ಲಿ ಬಂದು ಓ ಅಂದದೆ. ನಾಳೆ ಇವಳಿಗೇನಾದ್ರೂ ಆದ್ರೆ, ಇಲ್ಲೇ ಇದ್ಲಲ್ಲಾ ನಾವೇ ಕೇಳುದ್ವಲ್ಲಾ ಅಂತ ನಾವೆಲ್ಲ ಸಾಕ್ಷಿ ಯೋಳ್ಬೇಕಾ? ಇನ್ನೊಬ್ರ ಗಂಟ್ಲಲ್ಲಿ ನಗ್ಸಿ, ಆಡ್ಕೊಳ್ಳಿ. ಓ ಮಾತ್ರ ಅನ್ಬ್ಯಾಡಿ."

ಎಲ್ಲರ ಎದುರಿಗೆ ನನಗೆ ಮೈಯೆಲ್ಲ ಹಿಡಿಯಾಯಿತು. ನಾನು ಏನೂ ಮಾಡಿರಲಿಲ್ಲ, ಆದರೂ ನಾಚಿಕೆ ನನ್ನದೇ ಆಯಿತು. ಆಡದ ಮಾತಿಗೆ ತಲೆ ತಗ್ಗಿಸಿ ನಿಲ್ಲುವುದು ಎಂಥ ಸಂಕಟ ಅಂತ ಅವತ್ತು ಗೊತ್ತಾಯಿತು. ಸಿಟ್ಟೂ ಬಂತು. ದಿನಾ ಊರವರ ಗಂಟಲನ್ನೆಲ್ಲ ಅಣಕಿಸುವವರು ಇವರೇ, ನಮಗೆ ಮಾತ್ರ ಉಪದೇಶ ಅಂತ ಗೆಳತಿಯ ಹತ್ತಿರ ಬೈದುಕೊಂಡೆ.

ಕೊನೆಯ ವರ್ಷಕ್ಕೆ ಪ್ರಾಜೆಕ್ಟು ಮಾಡಬೇಕಿತ್ತು. ನನ್ನ ಜೊತೆಗಿದ್ದವನು ಲೊಕ್ಕನಹಳ್ಳಿಯ ಹುಡುಗ. ಅವರ ಹೊಲಗಳು ಕಾಡಿಗೆ ತಾಗಿಕೊಂಡಿವೆ. ರಾಗಿ ತೆನೆ ಕಟ್ಟಿತು ಅಂದರೆ ಆನೆ ಬರುತ್ತದೆ, ಊರಿನ ಗಂಡಸರೆಲ್ಲ ಸರದಿಯ ಮೇಲೆ ಕಾವಲಿಗೆ ಅಟ್ಟಣೆ ಹತ್ತುತ್ತಾರೆ. ಅಲ್ಲಿ ಒಂದು ಪದ್ಧತಿ. ಮೂಡಲ ಅಟ್ಟಣೆಯವನು ಕೂಗು ಹಾಕುತ್ತಾನೆ. ಒಂದೊಂದು ಅಟ್ಟಣೆಯವನೂ ಸಾಲಾಗಿ "ಓ" ಅನ್ನಬೇಕು. ಕೂಗಿದವನು ಕಡೆಯ ಓ ಬರುವವರೆಗೆ ಕೂರುವ ಹಾಗಿಲ್ಲ. ಯಾರದಾದರೂ ಓ ಬರಲಿಲ್ಲವೋ, ನಿದ್ದೆ ಬಂದಿದೆಯೋ ಏನು ಬಂದಿದೆಯೋ ಅಂತ ಇಬ್ಬರು ಪಂಜು ಹಿಡಿದು ಅಲ್ಲಿಗೆ ಹೋಗಲೇಬೇಕು.

"ಇದನ್ನೇ ಫೋನಲ್ಲಿ ಮಾಡಾಣ ಸಾ" ಅಂದ ಹುಡುಗ. "ಆನೆ ಕಂಡೋನು ಒಂದು ಬಟನ್ ಒತ್ತಿದ್ರೆ ಎಲ್ಲಾ ಅಟ್ಟಣೆಗೂ ಕರೆ ಓಗ್ಬೇಕು. ಅವ್ರು ಎತ್ತಿ ಒಂದು ಅಂಕಿ ಒತ್ತಿದ್ರೆ ಹಸುರು, ಒತ್ತದೇ ಇದ್ರೆ ಕೆಂಪು. ಕೆಂಪು ಇದ್ದ ಕಡೀಕೆ ಜನ ಓಗೋದು."

ಸಾ ಕನ್ನಡಕ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. "ಬ್ಯಾರೆ ಊರು ಸಿಗ್ನಿಲ್ವೇನ್ಲಾ ನಿಂಗೆ?" ಅಂದರು.

"ನಮ್ಮೂರೇ ಅಲ್ವಾ ಸಾ. ನಿಮ್ಗೆ ಅಟ್ಟಣೆ ಕೂಗು ಬತ್ತದಾ? ಒಂದ್ಸಲ ಆಕಿ ಸಾ!"

ನಾವೂ ಸೇರಿಕೊಂಡೆವು. ಆಕಿ ಸಾ, ಆಕಿ ಸಾ ಅಂತ ಮೇಜು ಗುದ್ದಿದೆವು. ಗಂಟಲಗಂಟು ಮೇಲೇರಿತು. ಅಲ್ಲೇ ನಿಂತಿತು. ದನಿ ಬರಲಿಲ್ಲ. ಅವರು ಲವಂಗವನ್ನು ಕಚಕ್ಕನೆ ಕಡಿದು ಎದ್ದುಹೋದರು. ಗಂಟಲು ಕೆಟ್ಟಿರಬೇಕು ಅಂದುಕೊಂಡೆವು, ನಮ್ಮ ಬುದ್ಧಿ ಅಷ್ಟೇ ಓಡಿತು.

ಆದರೂ ಪ್ರಾಜೆಕ್ಟಿಗೆ ಅವರು ನಮಗಿಂತ ಹೆಚ್ಚು ಕೂತರು. ಕರೆ ಮಾಡಿ ಉತ್ತರ ತರುವ ಮುಖ್ಯವಾದ ಸಾಲನ್ನು ಅವರೇ ಟೈಪ್ ಮಾಡಿದರು. ಅವತ್ತು ನಾವು ಕಾಡಿ ಬೇಡಿ ಪ್ರಿನ್ಸಿಪಾಲರನ್ನು ಅವರ ಬಾಯಿಗೆ ಕರೆಸಿದ್ದೆವು. ಬಾಯಿ ಭಾಷಣ ಮಾಡುತ್ತಿತ್ತು, ಬೆರಳು ಟೈಪ್ ಮಾಡುತ್ತಿತ್ತು, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ಸಾಲಿನಲ್ಲಿ ಅವೇಟ್ ಬಿಟ್ಟುಹೋಯಿತು. ಯಾರೂ ನೋಡಲಿಲ್ಲ. ನಿಜವಾದ ಕರೆ ಮಾಡುವ ಮೋಡೆಮ್ ಇನ್ನೂ ಬಂದಿರಲಿಲ್ಲವಾದ್ದರಿಂದ ಅದರ ಜಾಗದಲ್ಲಿ ಅಸಿಂಕ್ ಮಾಕ್ ನಿಲ್ಲಿಸಿ ಟೆಸ್ಟ್ ಬರೆದೆವು. 'ಇದನ್ನು ಕರೆದರೇ?' ಅಂತ ಟೆಸ್ಟು ಕೇಳಿತು. ಮಾಕು ಹೌದು, ಕರೆದರು ಅಂದಿತು. 'ಕಾದರೇ?' ಅಂತ ನಾವು ಕೇಳಿಸಲೇ ಇಲ್ಲ. ಎಲ್ಲ ಪಾಸು. ಕೆಳಗೆ ಹಳದಿ ಅಕ್ಷರದಲ್ಲಿ ಏನೋ ಎಚ್ಚರಿಕೆ ಬಂದಿತ್ತು, ಪಾಸಾದ ಖುಷಿಯಲ್ಲಿ ಅದನ್ನು ಓದುವವರು ಯಾರು? ಆಮೇಲೆ ಮೋಡೆಮ್ ಬಂತು. ಅದನ್ನು ಬೇರೆಯಾಗಿ ಹಚ್ಚಿ ನೋಡಿದೆವು, ಫೋನು ಬಡಿದುಕೊಂಡಿತು. ಎರಡನ್ನೂ ಕೂಡಿಸಿ ಒಂದು ಸಲ ನೋಡಬೇಕು ಅಂತ ನಮಗೆ ಅನ್ನಿಸಲಿಲ್ಲ.

ಲೊಕ್ಕನಹಳ್ಳಿಗೆ ಹೋಗಿ ತೋರಿಸುವ ದಿನ ಸಾ ಒಂದೊಂದೇ ನೆಪ ತೆಗೆದರು. ಮಗ್ಗದ ಕೆಲಸ ಇದೆ, ಮೈ ಸರಿಯಿಲ್ಲ, ನೀವೇ ಹೋಗಿಬನ್ನಿ. ನಾನು ಜೋರು ಮಾಡಿದೆ. "ಊರವ್ರ ಮುಂದೆ ನಮ್ಮ ಬುಟ್ಟು ತಪ್ಪಿಸ್ಕೊತೀರಾ ಸಾ? ನಾಚ್ಕೆ ಆಗಾಕಿಲ್ವಾ?" ಅಂದೆ, ತಮಾಷೆಗೆ. ಅವರು ನನ್ನನ್ನು ನೋಡಿ, "ಆಯ್ತದೆ ಕಣವ್ವ. ಬತ್ತೀನಿ ನಡಿ" ಅಂದರು.

ಊರಿನ ಡೈರಿ ಜಗಲಿಯ ಮೇಲೆ ಹುಡುಗನ ಮನೆಯ ಟೀವಿ ಇಟ್ಟೆವು. ಸಂಜೆ, ಇನ್ನೂ ಬೆಳಕಿತ್ತು. ಜನ ಚೆನ್ನಾಗಿಯೇ ಸೇರಿದ್ದರು. ಪರದೆಯ ಮೇಲೆ ಅಟ್ಟಣೆಗೊಂದು ಪೆಟ್ಟಿಗೆ, ಎಲ್ಲ ಕೆಂಪು. ಅಟ್ಟಣೆಯವರು ಫೋನು ಹಿಡಿದು ಅವರವರ ಹೊಲದಲ್ಲಿದ್ದರು, ಒಬ್ಬ ಮುದುಕಪ್ಪನನ್ನು ಬಿಟ್ಟು. ಅವನು ಪಡುವಲ ಅಟ್ಟಣೆಯವನು, ಕಾಡಿನ ಕಡೆಗೆ ಎಲ್ಲರಿಗಿಂತ ತುದಿಯ ಹೊಲ. ಮೊದಲು ಕಣ್ಣಲ್ಲಿ ನೋಡಿ ಆಮೇಲೆ ಒಪ್ಪುತ್ತೇನೆ ಅಂತ ಹೆಂಡತಿಯನ್ನೂ ಕರೆದುಕೊಂಡು ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದ. ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಯಾರೂ ಅವನ ಪಕ್ಕ ಕೂರಲಿಲ್ಲ. ಯಾಕೆ ಅಂತ ಹುಡುಗನನ್ನು ಕೇಳಿದೆ.

"ಅವನನ್ನ ಸರದಿಗೆ ಸೇರ್ಸಲ್ಲ, ತುದಿ ಹೊಲ ಅಂತ ಫೋನಿಗೆ ಮಾತ್ರ ನಾನೇ ಸೇರ್ಸಿದ್ದೀನಿ" ಅಂದ ಅವನು ಮೆಲ್ಲಗೆ. "ಎಷ್ಟೋ ವರ್ಷದ್ ಹಿಂದೆ ಕೂಗಿಗೆ ಓ ಅಂದು, ಆನೆ ಬಂದ್ರೆ ಸದ್ದೇ ಮಾಡ್ದೆ ಬಚ್ಚಿಟ್ಕಂಡ್ನಂತೆ. ನಾಕ್ ಮನೆ ರಾಗಿ ಪೂರ್ತಿ ಓಯ್ತು. ಕೇಳಿದ್ರೆ ನಿದ್ದೆ ಬಂದಿತ್ತು, ನಾನು ಓ ಅಂದೇ ಇಲ್ಲ ಅಂತ ಸುಳ್ಳು ಬ್ಯಾರೆ. ಊರ್ಗೂರೇ ಕೇಳಿಸ್ಕಂಡದೆ ಅವನ ಗಂಟ್ಲ. ಈಗ್ಲೂ ಯಾರಾದ್ರೂ ಒಪ್ಕಂಡ್ ಕೆಲಸ ಮಾಡ್ದೆ ಕೈ ಕೊಟ್ರೆ ನಮ್ಮೂರಲ್ಲಿ 'ಪಡುವಲ ಓ' ಅಂತಾರೆ."

ಇಷ್ಟು ಹೇಳಿ ಅವನು ಬಟನ್ ಒತ್ತಿದ.

ಪೆಟ್ಟಿಗೆಗಳೆಲ್ಲ ಕಣ್ಣು ಮಿಟುಕಿಸುವುದರೊಳಗೆ ಹಸಿರಾದವು. ಜನ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಿಸಿದು ನಿಂತಿದ್ದೆ, ನನಗೇ ಬಹುಮಾನ ಬಂದ ಹಾಗೆ. ಚಪ್ಪಾಳೆ ನಿಂತ ಮೇಲೆ ಮೂಲೆಯಿಂದ ಮುದುಕಪ್ಪನ ದನಿ ಬಂತು.

"ಸ್ವಾಮಿ, ನನ್ನ ಫೋನು ಬಡ್ಕೊಳ್ಳೇ ಇಲ್ವಲ್ಲ."

ಯಾರೋ ನಕ್ಕರು. ಅವನು ಎದ್ದು ಟೀವಿಯ ಹತ್ತಿರ ಬಂದ. ಫೋನು ಇನ್ನೂ ಅಂಗೈಯ ಮೇಲೇ ಇತ್ತು. ಪಡುವಲು ಅಂತ ಬರೆದಿದ್ದ ಹಸಿರು ಪೆಟ್ಟಿಗೆಯ ಮೇಲೆ ಬೆರಳಿಟ್ಟ. "ಇದು ನಾನಲ್ವಾ? ನಾನು ಏನೂ ಒತ್ನಿಲ್ಲ. ನಾನು ಓ ಅನ್ನಿಲ್ಲ. ಇಲ್ಲಿ ಓ ಅಂದೋರು ಯಾರು?"

"ಲೇ ಮುದುಕಪ್ಪ, ನಿಂದು ಇದೇ ಆಯ್ತು ಕುಂತ್ಕೊ" ಅಂತ ಒಬ್ಬರು ಕೂಗಿದರು. ಎಲ್ಲರೂ ಗೊಳ್ಳೆಂದರು. ಅವನ ಹೆಂಡತಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ನಾನು ಹೋಗಿ ಕಂಪ್ಯೂಟರ್ ನೋಡಿದೆ. ಹಳದಿ ಎಚ್ಚರಿಕೆ ಸಾಲು ಸಾಲಾಗಿ ಬಂದು ಕೂತಿತ್ತು: ಕರೆದಿದ್ದೀರಿ, ಕಾಯಲೇ ಇಲ್ಲ. ಒಂದು ಫೋನಿಗೂ ಕರೆ ಹೋಗಿರಲಿಲ್ಲ. ಕೈಗೆ ಸಿಕ್ಕ ಟೋಕನ್ನನ್ನೇ ಪ್ರೋಗ್ರಾಂ ಉತ್ತರ ಅಂದುಕೊಂಡು, ಎಲ್ಲರ ಹೆಸರಿನಲ್ಲೂ ಓ ಅಂದುಬಿಟ್ಟಿತ್ತು. ನನಗೆ ಕಿವಿ ಸುಟ್ಟ ಹಾಗಾಯಿತು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನುತ್ತಾರಲ್ಲ, ಅದು. ಸಾ ನನ್ನ ಹಿಂದೆ ನಿಂತು ಅದನ್ನು ಓದುತ್ತಿದ್ದರು.

"ಅವನು ಯೋಳ್ತಿರಾದು ನಿಜ" ಅಂದರು ಸಾ, ಜನರ ಕಡೆ ತಿರುಗಿ. "ಅವನು ಓ ಅನ್ನಿಲ್ಲ. ಇದು ಸುಳ್ಳು ಹಸುರು. ತಪ್ಪು ಬರ್ದೋನು ನಾನು." ಅಲ್ಲಿಗೆ ಮುಗಿಯಬಹುದಿತ್ತು. ಅವರು ಕನ್ನಡಕ ತೆಗೆದು ಜೇಬಿಗಿಟ್ಟರು. "ಅವತ್ತೂ ಅವನು ಓ ಅನ್ನಿಲ್ಲ. ಅವತ್ತು ಓ ಅಂದೋನೂ ನಾನೇ."

ಯಾರಿಗೂ ಅರ್ಥವಾಗಲಿಲ್ಲ. ಅವರು ನಿಂತಲ್ಲೇ ಹೇಳಿದರು. ಹುಡುಗನಾಗಿದ್ದಾಗ ಚಿಕ್ಕಮ್ಮನ ಮನೆಗೆ ಅಂತ ಈ ಊರಿಗೆ ಬಂದಿದ್ದರು. ಚಿಕ್ಕಪ್ಪನ ಜೊತೆ ಅಟ್ಟಣೆಗೆ ಹೋಗಿದ್ದರು. ಕೂಗು ಬಂತು, ಪಡುವಲಿನ ಓ ಬರಲಿಲ್ಲ. ಪಂಜು ಹಿಡಿದು ಹೋಗುವ ಸರದಿ ಚಿಕ್ಕಪ್ಪನದು. ಇವರು ಸೌದೆ ತರಲು ಕೆಳಗೆ ಇಳಿದಿದ್ದರು. ಚಿಕ್ಕಪ್ಪ ಹೋದರೆ ಆ ಕತ್ತಲಲ್ಲಿ ಒಬ್ಬನೇ ಇರಬೇಕಲ್ಲ ಅಂತ ಹೆದರಿ, ನೀರಿನ ಮಡಕೆಯ ಬಾಯಿಗೆ ಮುಖವಿಟ್ಟು, ಪಡುವಲ ಅಟ್ಟಣೆಯವನ ಗಂಟಲಲ್ಲಿ ಓ ಅಂದರು. "ಭಯಕ್ಕೆ ಅಂದೆ. ಎಲ್ರೂ ನಂಬುದ್ರಲ್ಲ, ಆಗ ನಗು ಬಂತು. ಬೆಳಗಾದ್ ಮೇಲೆ ಆನೆ ತುಳ್ದಿದ್ದ ರಾಗಿ ನೋಡ್ದೆ. ಇವನನ್ನ ಎಲ್ರೂ ನಿಲ್ಸ್ಕಂಡು ಕೇಳೋದನ್ನೂ ನೋಡ್ದೆ. ಬಾಯಿ ಬುಡ್ನಿಲ್ಲ. ಮಾರನೇ ದಿನ ಕೊಳ್ಳೇಗಾಲದ ಬಸ್ ಹತ್ತುದೋನು, ಈ ಊರ್ಗೆ ಇವತ್ತೇ ಬಂದಿರಾದು."

ನಂಬಲಿಲ್ಲ ಜನ! ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. "ಪಾಪ ಮೇಷ್ಟ್ರು, ಮುದುಕಪ್ಪನ ಮಾನ ಉಳ್ಸಾಕೆ ಯೋಳ್ತಾವ್ರೆ ಬುಡಿ" ಅಂದರು ಒಬ್ಬರು. "ನಮ್ಗೇನು ಕಿವಿ ಇರ್ನಿಲ್ವಾ ಸಾ? ಅವನ ಗಂಟ್ಲು ನಮ್ಗೆ ಗೊತ್ತಾಗಾಕಿಲ್ವಾ?" ಅಂದರು ಇನ್ನೊಬ್ಬರು.

ಸಾ ಅವರ ಗಂಟಲಗಂಟು ಮೇಲೇರಿದ್ದನ್ನು ನೋಡಿದೆ. ಬೇಡ ಸಾ ಅಂತ ಬಾಯಿಗೆ ಬಂತು. ಜೀವಮಾನವಿಡೀ ಬೇಡ ಅಂತ ಇಟ್ಟುಕೊಂಡಿದ್ದ ಒಂದೇ ಒಂದು ದನಿ ಅದು. ಎರಡೂ ಕೈಗಳನ್ನು ಮಡಕೆಯ ಹಾಗೆ ಬಾಯಿಗೆ ಹಿಡಿದು ಅವರು ಕೂಗಿದರು.

"ಓ... ಪಡುವಲು ಎಚ್ರ ಅದೀನಿ ಓ..."

ಮೂವತ್ತು ವರ್ಷದ ಗಂಡಸಿನ ಗಟ್ಟಿ ದನಿ. ಡೈರಿಯ ಜಗಲಿಯ ಮೇಲಿದ್ದ ವಯಸ್ಸಾದವರ ಮುಖಗಳೆಲ್ಲ ಒಟ್ಟಿಗೆ ಪಡುವಲ ಕಡೆ ತಿರುಗಿದವು. ಕೂಗಿದವರು ಎದುರಿಗೇ ಇದ್ದಾರೆ, ಆದರೂ ತಿರುಗಿದವು. ಮುದುಕಪ್ಪನ ಹೆಂಡತಿ ಸೆರಗು ತೆಗೆದು ಸಾ ಅವರ ಬಾಯಿಯನ್ನೇ ನೋಡುತ್ತಿದ್ದಳು. "ಅಯ್ಯೋ ನಮ್ಮಪ್ಪನೇ, ಇದೇ ಗಂಟ್ಲು. ನನ್ನ ಗಂಡನ್ದು" ಅಂದಳು.

ಬೈಯಬೇಕಾಗಿದ್ದವನು ಮುದುಕಪ್ಪ. ಅವನು ಬಂದು ಸಾ ಅವರ ಮುಖವನ್ನು ಹತ್ತಿರದಿಂದ ನೋಡಿದ. "ನೇಯ್ಗೆಯೋರ ಮನೆಯಿಂದ ಬಂದಿದ್ದ ಹುಡ್ಗ ನೀನೇಯಾ" ಅಂದ. "ಕೆಂಪು ಚಡ್ಡಿ ಆಕಂಡಿದ್ದೆ." ಸಾ ತಲೆ ಎತ್ತಲಿಲ್ಲ.

"ಎಲ್ರೂ ಕೇಳುದ್ವಿ ಕೇಳುದ್ವಿ ಅಂದ್ರು ಕಣ್ಲಾ. ಒಬ್ರಾ ಇಬ್ರಾ? ನನ್ನ ಹೆಂಡ್ತೀನೂ ಒಂದ್ಸಲ ಕೇಳುದ್ಲು, ನಿಜ ಯೋಳು ನೀನು ಓ ಅನ್ನಿಲ್ವಾ ಅಂತ. ಅಂದಿದ್ನೇನೋ ಅಂತ ನಂಗೇ ಅನ್ಸ್‌ಬುಡ್ತು. ನಿದ್ದೇಲಿ ಓ ಅಂದು, ಆನೆ ಕಂಡು ಎದ್ರಿ, ಮರ್ತುಬುಟ್ಟಿದ್ದೀನೇನೋ ಅಂತ. ಇಷ್ಟು ವರ್ಷ ನಾನೇ ನನ್ನ ನಂಬಿರ್ನಿಲ್ಲ ಕಣ್ಲಾ." ಇಷ್ಟು ಹೇಳಿ ಅವನು ಹೆಂಡತಿಯ ಪಕ್ಕ ಹೋಗಿ ಕೂತ. ರಾಗಿ ಕಳೆದುಕೊಂಡಿದ್ದ ಮನೆಯವರೊಬ್ಬರು ಸಾ ಅವರ ಕಾಲ ಬಳಿ ತುಪುಕ್ಕನೆ ಉಗಿದು ಇಳಿದುಹೋದರು. ಇನ್ನೊಬ್ಬರು ಮುದುಕಪ್ಪನ ಹತ್ತಿರ ಹೋಗಿ, ಏನು ಹೇಳಬೇಕು ಅಂತ ಗೊತ್ತಾಗದೆ, ಬೀಡಿ ಕೊಟ್ಟರು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಸಾ ಕಿಟಕಿಯ ಹತ್ತಿರ ಕೂತಿದ್ದರು, ಪಕ್ಕದ ಸೀಟು ನಮಗಾಗಿಯೇ ಬಿಟ್ಟ ಹಾಗಿತ್ತು. ನಾನು ಕೂರಲಿಲ್ಲ. ಹುಡುಗನೂ ಕೂರಲಿಲ್ಲ. ಎರಡು ಸೀಟು ಹಿಂದೆ ಕೂತು ಅವರ ಕತ್ತನ್ನು ನೋಡುತ್ತ ಬಂದೆವು. ಆ ಗಂಟಲನ್ನು ಆಡಿಸಿ ಆಡಿಸಿ ನಕ್ಕವರು ನಾವೇ. ಮೇಜು ಗುದ್ದಿ ಆಕಿ ಸಾ ಅಂದವಳು ನಾನೇ, ನಾಚಿಕೆಯಿಲ್ಲವೇ ಅಂತ ಕೇಳಿ ಕರೆದುಕೊಂಡು ಹೋದವಳೂ ನಾನೇ. ಹನೂರು ದಾಟುವವರೆಗೂ ಏಳೋಣ, ಪಕ್ಕ ಹೋಗೋಣ ಅಂದುಕೊಂಡೆ. ಥೂ, ಏಳಲಿಲ್ಲ.

ಮಾರನೆಯ ದಿನ ಅವರು ಬರುವುದಿಲ್ಲ ಅಂತ ನಾವು ಅಂದುಕೊಂಡಿದ್ದೆವು. ನಮಗಿಂತ ಮುಂಚೆ ಬಂದಿದ್ದರು. ತಮ್ಮ ತಪ್ಪು ಸಾಲನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು. "ಮೊದ್ಲು ಸರಿ ಮಾಡ್ಬ್ಯಾಡಿ" ಅಂದರು. "ಸುಳ್ಳನ್ನ ಹಿಡಿಯೋ ಟೆಸ್ಟ್ ಬರೀರಿ. ಅದು ಕೆಂಪಾಗೋದನ್ನ ಕಣ್ಣಲ್ಲಿ ನೋಡಿ, ಆಮೇಲೆ ಸರಿ ಮಾಡಿ." ಅಸಿಂಕ್ ಮಾಕನ್ನು 'ಕರೆದರೇ' ಅಂತ ಕೇಳುವ ಕಡೆಯೆಲ್ಲ 'ಕರೆದು ಕಾದರೇ' ಅಂತ ಕೇಳುವ ಹಾಗೆ ಬದಲಾಯಿಸಿದೆವು. ಕೆಂಪಾಯಿತು. ಅವರು ಅದನ್ನು ನೋಡುತ್ತ ನಿಂತರು. "ಇದು ಅವತ್ತೇ ಇದ್ದಿದ್ರೆ" ಅಂದರು. ಅವೇಟ್ ಸೇರಿಸಿದೆವು, ಹಸಿರಾಯಿತು. ಅದರ ಮೇಲೂ ಒಂದು ಕಟ್ಟಳೆ ಹಾಕಿದರು: ಮಾಕು ಎಷ್ಟೇ ಹಸಿರು ಅನ್ನಲಿ, ದಿನಾ ಸಂಜೆ ಒಂದು ಸಲ ನಿಜವಾದ ಕರೆ ನಿಜವಾದ ಅಟ್ಟಣೆಗೆ ಹೋಗಬೇಕು.

ಅವರು ಮತ್ತೆ ಅಣಕು ಮಾಡಲಿಲ್ಲ. ಪ್ರಿನ್ಸಿಪಾಲರೂ ಬರಲಿಲ್ಲ, ಕಂಡಕ್ಟರೂ ಬರಲಿಲ್ಲ. ಲ್ಯಾಬು ಬಿಕೋ ಅನ್ನುತ್ತಿತ್ತು.

ಯಂತ್ರವನ್ನು ಸರಿಮಾಡಿ ಲೊಕ್ಕನಹಳ್ಳಿಗೆ ಮತ್ತೆ ತೆಗೆದುಕೊಂಡು ಹೋದಾಗ ಸಾ ನೆಪ ಹೇಳಲಿಲ್ಲ. ಊರವರು ಮುದುಕಪ್ಪನನ್ನು ಸರದಿಗೆ ಸೇರಿಸಿಕೊಂಡಿದ್ದರು. ಕರೆ ಎತ್ತಿದಾಗ ಯಾವ ದನಿಯಲ್ಲಿ ಎಚ್ಚರಿಕೆ ಕೇಳಿಸಬೇಕು ಅಂತ ಮಾತು ಬಂತು. ನಾನು ನನ್ನ ದನಿ ರೆಕಾರ್ಡ್ ಮಾಡಿ ತಂದಿದ್ದೆ, ಚೆನ್ನಾಗಿಯೇ ಇತ್ತು. ಮುದುಕಪ್ಪ ಬೇಡ ಅಂದ.

"ನನ್ನ ಗಂಟ್ಲೇ ಇರ್ಲಿ" ಅಂದ.

"ಸರಿ ತಾತ, ಮಾತಾಡು, ರೆಕಾರ್ಡ್ ಮಾಡ್ತೀನಿ" ಅಂದೆ.

"ಈ ಗಂಟ್ಲಲ್ಲ ಕಣವ್ವ, ಇದು ಒಡ್ದೋಗದೆ." ಸಾ ಕಡೆ ತಿರುಗಿದ. "ಅವನತ್ರ ಅದೆಯಲ್ಲ, ಅದು. ಕೂಗ್ಲಾ ನೀನು. ಈ ಸಲ ನಾ ಎದ್ದಿರ್ತೀನಿ."

ಸಾ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನೋಡಲಿಲ್ಲ ಅನ್ನುವ ಹಾಗೆ ಮೈಕು ಸರಿಮಾಡಿದೆ. ಒಂದೇ ಸಲಕ್ಕೆ ರೆಕಾರ್ಡ್ ಆಯಿತು.

ಆಮೇಲೆ ಹಲವು ಸುಗ್ಗಿ ಕಳೆದವು. ನಾನು ಓದು ಮುಗಿಸಿ ಅದೇ ಲ್ಯಾಬಿಗೆ ಕೆಲಸಕ್ಕೆ ಬಂದೆ, ಸಾ ಅವರ ಎದುರಿನ ಕುರ್ಚಿಗೆ. ಬಸ್ಸಿನಲ್ಲಿ ಕೂರದ ಆ ಸೀಟಿನ ಮಾತನ್ನು ಅವರಿಗೆ ಹೇಳಬೇಕು ಅಂತ ಎಷ್ಟೋ ಸಲ ಬಾಯಿ ತೆರೆದೆ. ಬಾಯಿ ಜೋರು ಅಂತ ಹೆಸರು ಬೇರೆ ನನಗೆ. ಹೇಳಲಿಲ್ಲ. ಕಳೆದ ಸುಗ್ಗಿಯಲ್ಲಿ, ಬೆಳಗಿನ ಹೊತ್ತು, ಮನೆಯಲ್ಲಿ ಮಗ್ಗದ ಪಕ್ಕ ಕೂತಿದ್ದ ಸಾ ಹಾಗೇ ಒರಗಿದರಂತೆ. ಎದೆನೋವು. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಅವತ್ತೇ ಮಣ್ಣು ಮಾಡಿ ಬಂದು, ಮನೆಗೆ ಹೋಗಲು ಮನಸ್ಸಾಗದೆ ಲ್ಯಾಬಿನಲ್ಲಿ ಸುಮ್ಮನೆ ಕೂತಿದ್ದೆ. ಸಂಜೆಯ ಕರೆ ಬಿಡುವುದು ಮರೆತೇಹೋಗಿತ್ತು.

ಫೋನು ಬಡಿದುಕೊಂಡಿತು. ಮುದುಕಪ್ಪ.

"ಯಾಕವ್ವ, ಇವತ್ತು ಕೂಗೇ ಬರ್ನಿಲ್ವಲ್ಲ?"

"ತಾತ, ಸಾ ಓಗ್ಬುಟ್ರು" ಅಂದೆ.

ಆ ಕಡೆ ಗಾಳಿಯ ಸದ್ದು, ಎಲ್ಲೋ ನಾಯಿ. ಆಮೇಲೆ ಅವನು ಅಂದ: "ಕೂಗ್ಸವ್ವ. ಅವನು ಕೂಗ್ಲಿ. ನಾನು ಓ ಅನ್ಬೇಕು."

ಫೋನಿಟ್ಟು ನಾನು ಬಟನ್ ಒತ್ತಿದೆ. ಪಡುವಲ ಪೆಟ್ಟಿಗೆ ಕೆಂಪಾಗಿಯೇ ಇತ್ತು. ಅಲ್ಲಿ ಅಟ್ಟಣೆಯ ಮೇಲೆ ಅವನ ಕಿವಿಯಲ್ಲಿ ಅವನದೇ ಹಳೆಯ ಗಂಟಲು ಕೂಗುತ್ತಿರಬೇಕು. ಕಾದೆ. ಅವನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಾನೆ ಅಂತ ಗೊತ್ತಿತ್ತು. ಎಂದಿಗಿಂತ ತಡವಾಗಿ ಪೆಟ್ಟಿಗೆ ಹಸಿರಾಯಿತು.